ಕ್ಯಾಮೆರಾ ತಂಗಿಯದ್ದು, ಕ್ಯೂಆರ್ ಕೋಡ್ ಕಾಕನದ್ದು

ರಾತ್ರಿ ಹನ್ನೊಂದು ದಾಟಿದೆ. ಮದುವೆ ಹಾಲ್‌ನಲ್ಲಿ ಊಟ ಮುಗಿದು ಕುರ್ಚಿ ಜೋಡಿಸುವ ಸದ್ದು. ಹೆಂಗಸರ ಕಡೆ ಗಂಟೆಗಟ್ಟಲೆ ನಿಂತು ಮದುಮಗಳ ಫೋಟೋ ತೆಗೆದ ಹುಡುಗಿ ಕ್ಯಾಮೆರಾ ಬ್ಯಾಗಿಗೆ ಹಾಕುತ್ತಿದ್ದಾಳೆ. ಮದುಮಗಳ ಉಮ್ಮ ಬಂದು, "ಬಾಕಿ ಎಷ್ಟು ಕೊಡ್ಲಿಕ್ಕುಂಟು ಮಗಳೇ, ಈಗಲೇ ಹಾಕ್ತೇನೆ" ಅಂತ ಫೋನ್ ತೆಗೆಯುತ್ತಾರೆ. ಹುಡುಗಿ ಒಂದು ಕ್ಯೂಆರ್ ಕೋಡ್ ತೋರಿಸುತ್ತಾಳೆ. ಸ್ಕ್ಯಾನ್ ಮಾಡಿದರೆ ಬರುವುದು ಅವಳ ಹೆಸರಲ್ಲ, ಯಾವುದೋ ಫ್ಯಾನ್ಸಿ ಅಂಗಡಿಯ ಹೆಸರು. "ಅದು ಕಾಕನ ಅಂಗಡಿದು. ಅದಕ್ಕೇ ಹಾಕಿ, ಪರವಾಗಿಲ್ಲ."

ಈ 'ಪರವಾಗಿಲ್ಲ'ದ ಬಗ್ಗೆಯೇ ಈ ವಾರ ನಾವು ಬರೆಯಲು ಹೊರಟದ್ದು.

ನಮ್ಮ ಮನೆಗಳ ಹೆಣ್ಣುಮಕ್ಕಳು ಕ್ಯಾಮೆರಾ ಹಿಡಿದು ದುಡಿಯುವುದು ಈಗ ಹೊಸ ಸಂಗತಿಯಾಗಿ ಉಳಿದಿಲ್ಲ. ಮೆಹಂದಿ, ನಿಕಾಹ್, ವಲೀಮಾ ಯಾವುದಿರಲಿ, ಹೆಂಗಸರ ಕಡೆಗೆ ಹೆಣ್ಣು ಫೋಟೋಗ್ರಾಫರೇ ಬೇಕು ಅಂತ ಕೇಳುವ ಮನೆಗಳು ಬೇಕಾದಷ್ಟು ಉಂಟು. ಕೆಲಸ ಉಂಟು, ಕೈಗೆ ಹಣವೂ ಬರ್ತದೆ. ಆದರೆ ಆ ಹಣ ಯಾರ ಹೆಸರಿನಲ್ಲಿ ಬರುತ್ತದೆ ಎನ್ನುವುದನ್ನು ಯಾರೂ ಕೇಳುವುದಿಲ್ಲ. ಕಾಕನ ಖಾತೆ, ಇಲ್ಲದಿದ್ದರೆ ಗಂಡನ ಖಾತೆ. ಮನೆಯೊಳಗೆ ಅದು ಒಂದೇ ಹಣ ಇರಬಹುದು. ತೆರಿಗೆ ಇಲಾಖೆಯ ಕಂಪ್ಯೂಟರಿಗೆ ಹಾಗಲ್ಲ, ಅದಕ್ಕೆ ಗೊತ್ತಿರುವುದು ಪ್ಯಾನ್ ನಂಬರ್ ಮಾತ್ರ.

2025ರ ಜುಲೈ ತಿಂಗಳನ್ನು ಯಾರೂ ಮರೆತಿರಲಿಕ್ಕಿಲ್ಲ. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿತು. ತರಕಾರಿ, ಹಾಲು ಮಾರುವವರಿಗೂ ಬಂತು. ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು 'ನಗದು ಮಾತ್ರ' ಎಂಬ ಚೀಟಿ ಅಂಟಿಸಿದರು. ಬಂದ್ ಕರೆಯೂ ಆಯಿತು, ಕೊನೆಗೆ ಮುಖ್ಯಮಂತ್ರಿಗಳ ಜತೆ ಮಾತುಕತೆಯಾಗಿ ತಣ್ಣಗಾಯಿತು. ಆ ಗಲಾಟೆಯಲ್ಲಿ ತುಂಬಾ ಜನ ಹೇಳಿದ ಮಾತು ಒಂದೇ: "ಖಾತೆಗೆ ಬಂದದ್ದೆಲ್ಲ ವ್ಯಾಪಾರದ ಹಣ ಅಲ್ಲ ಮಾರಾಯ್ರೆ, ಅದರಲ್ಲಿ ಮನೆಯವರದ್ದೂ ಉಂಟು." ಮಾತು ಸತ್ಯವೇ ಇರಬಹುದು. ಆದರೆ ಯಾವುದು ಯಾರದ್ದು ಅಂತ ಬಿಡಿಸಿ ತೋರಿಸುವ ಹೊಣೆ ಖಾತೆ ಇದ್ದವನ ತಲೆ ಮೇಲೆಯೇ ಬೀಳುತ್ತದೆ.

ಈಗ ಆ ಫ್ಯಾನ್ಸಿ ಅಂಗಡಿಗೆ ವಾಪಸ್ ಬರುವ. ಉದಾಹರಣೆಗೆ, ಕಾಕನ ವ್ಯಾಪಾರ ವರ್ಷಕ್ಕೆ 32 ಲಕ್ಷ ಎಂದಿಟ್ಟುಕೊಳ್ಳಿ. ಬರೀ ಸಾಮಾನು ಮಾರುವವರಿಗೆ ನಮ್ಮ ರಾಜ್ಯದಲ್ಲಿ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವುದು ವರ್ಷದ ವಹಿವಾಟು 40 ಲಕ್ಷ ದಾಟಿದ ಮೇಲೆ. ಹಾಗಾಗಿ ಅವನು ನಿಶ್ಚಿಂತೆಯಿಂದ ಇದ್ದಾನೆ. ತಂಗಿಯ ಫೋಟೋಗ್ರಫಿಯ 6 ಲಕ್ಷ ಅದೇ ಖಾತೆಗೆ ಬಿತ್ತು. ಒಟ್ಟು 38 ಲಕ್ಷ. ಇನ್ನೂ 40 ಆಗಲಿಲ್ಲವಲ್ಲ ಅಂತ ನಿಮಗೆ ಅನಿಸಬಹುದು. ಎಡವುವುದು ಅಲ್ಲಿಯೇ. 40 ಲಕ್ಷದ ಮಿತಿ ಸಾಮಾನು ಮಾತ್ರ ಮಾರುವವರಿಗೆ. ಫೋಟೋ ತೆಗೆಯುವುದು ಸೇವೆ. ಒಂದೇ ಪ್ಯಾನ್‌ನಲ್ಲಿ ಸಾಮಾನಿನ ಜತೆ ಸೇವೆಯೂ ಸೇರಿದರೆ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ತಂಗಿಗೆ ಉಪಕಾರ ಮಾಡಲು ಹೋದ ಕಾಕ ತನ್ನ ಅಂಗಡಿಯನ್ನೇ ನೋಟಿಸಿನ ಬಾಗಿಲಿಗೆ ತಂದು ನಿಲ್ಲಿಸಿದ ಹಾಗಾಯಿತು. ಅದೇ 6 ಲಕ್ಷ ತಂಗಿಯ ಪ್ಯಾನ್ ಇರುವ ಖಾತೆಗೆ ಬಂದಿದ್ದರೆ ಅವಳೂ ಮಿತಿಯೊಳಗೆ, ಅವನೂ ಮಿತಿಯೊಳಗೆ.

ಮೊದಲ ಕೆಲಸ ಆದ್ದರಿಂದ ಕ್ಯಾಮೆರಾ ಹಿಡಿಯುವವರ ಹೆಸರಿನಲ್ಲೇ ಪ್ಯಾನ್, ಅವರ ಹೆಸರಿನಲ್ಲೇ ಖಾತೆ. ಲೆನ್ಸ್ ಆಮೇಲೆ ತಗೊಳ್ಳಬಹುದು.

ಯಾರ ಹೆಸರಿನಲ್ಲಿ?

ಒಬ್ಬರೇ ನಡೆಸುವ ವ್ಯವಹಾರಕ್ಕೆ ಏಕ ಮಾಲೀಕತ್ವ ಸಾಕು. ಅದಕ್ಕೆ ಪ್ರತ್ಯೇಕ ಕಂಪೆನಿ ನೋಂದಣಿ ಬೇಡ, ಬೇರೆ ಪ್ಯಾನ್ ಬೇಡ. ಬೋರ್ಡಿನಲ್ಲಿ ಸ್ಟುಡಿಯೋದ ಹೆಸರು ಏನೇ ಇರಲಿ, ಕಾನೂನಿನ ಕಣ್ಣಿಗೆ ಅದು ಮಾಲೀಕರೇ.

ಅಣ್ಣ ತಮ್ಮಂದಿರು ಸೇರಿ ಸ್ಟುಡಿಯೋ ಮಾಡುವುದಾದರೆ 1932ರ ಪಾಲುದಾರಿಕೆ ಕಾಯ್ದೆಯಂತೆ ಪಾಲು ಪತ್ರ ಬರೆದುಕೊಳ್ಳಬಹುದು. ನೋಂದಣಿ ಮಾಡಿಸದ ಪಾಲುದಾರಿಕೆಗೆ ಹಣ ಕೊಡದವರ ಮೇಲೆ ಸಿವಿಲ್ ದಾವೆ ಹೂಡಲು ಬರುವುದಿಲ್ಲ, ಅದು ನೆನಪಿರಲಿ. ಇನ್ನೊಂದು, ಪಾಲುದಾರಿಕೆ ಸಂಸ್ಥೆಯ ಲಾಭಕ್ಕೆ ಮೊದಲ ರೂಪಾಯಿಯಿಂದಲೇ ಶೇ. 30 ತೆರಿಗೆ. ಒಬ್ಬ ವ್ಯಕ್ತಿಗೆ ಸಿಗುವ ವಿನಾಯಿತಿ ಅದಕ್ಕೆ ಇಲ್ಲ. ಸಣ್ಣ ಸ್ಟುಡಿಯೋಕ್ಕೆ ಇದು ಹೊರೆ ಅಂತಲೇ ನಮ್ಮ ಅಭಿಪ್ರಾಯ. ಇಬ್ಬರೂ ದುಡಿಯುವವರಾದರೆ ಒಬ್ಬನ ಹೆಸರಿನಲ್ಲಿ ಸ್ಟುಡಿಯೋ ಇಟ್ಟು ಇನ್ನೊಬ್ಬನ ಕೆಲಸಕ್ಕೆ ಲೆಕ್ಕ ಬರೆದು ಸಂಬಳ ಕೊಡುವುದು ಸುಲಭ. ಆದರೆ ಕ್ಯಾಮೆರಾ ಯಾರದ್ದು, ಡ್ರೋನ್ ಯಾರದ್ದು ಅಂತ ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ ಇಡಿ. ಅಣ್ಣ ತಮ್ಮ ಚೆನ್ನಾಗಿರುವಾಗಲೇ ಬರೆಯಬೇಕು. ಜಗಳ ಆದ ಮೇಲೆ ಯಾರೂ ಪೆನ್ನು ಹಿಡಿಯುವುದಿಲ್ಲ.

ನಮ್ಮಲ್ಲಿ ಇನ್ನೊಂದು ಕ್ರಮ ಉಂಟು. ಗಲ್ಫಿನಲ್ಲಿರುವ ಅಣ್ಣ ಬಂಡವಾಳ ಹಾಕಿದ, ಹಾಗಾಗಿ ಗೌರವಕ್ಕೆ ಅಂತ ಸ್ಟುಡಿಯೋ ಅವನ ಹೆಸರಿನಲ್ಲೇ ಮಾಡಿಸುವುದು. ದಯವಿಟ್ಟು ಇದನ್ನು ಮಾಡಬೇಡಿ. ಕಾರಣ ಮುಂದೆ ಲೆಕ್ಕದಲ್ಲಿ ನೋಡುವ. ಅಣ್ಣನ ಹಣವನ್ನು ಕೈಗಡವಾಗಿಯೋ ಉಡುಗೊರೆಯಾಗಿಯೋ ಬ್ಯಾಂಕ್ ಮೂಲಕ ತಗೊಳ್ಳಿ. ಒಡಹುಟ್ಟಿದವರು ಕೊಟ್ಟ ಉಡುಗೊರೆಗೆ ತೆರಿಗೆ ಇಲ್ಲ. ಕೈಗಡವಾದರೆ ಬಡ್ಡಿ ಇಲ್ಲದಿದ್ದರೂ ಅದು ಸಾಲವೇ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ತೆಗೆದುಕೊಳ್ಳಬಾರದು, ನಗದಾಗಿ ತೀರಿಸಲೂ ಬಾರದು. ನಂಬಿಕೆಯ ಮೇಲೆ ಕೊಟ್ಟು ತಗೊಳ್ಳುವುದು ನಮ್ಮವರ ಒಳ್ಳೆ ಅಭ್ಯಾಸ. ಅದನ್ನು ಬಿಡಬೇಡಿ, ಬ್ಯಾಂಕ್ ಮೂಲಕ ಮಾಡಿ ಅಷ್ಟೆ.

ಕಾಗದ ಪತ್ರ

ಮನೆಯಿಂದಲೇ ಕೆಲಸ ಶುರು ಮಾಡುವವರಿಗೆ ಪ್ಯಾನ್, ಖಾತೆಯ ಜತೆಗೆ ಒಂದು ಉದ್ಯಮ್ ನೋಂದಣಿ ಇದ್ದರೆ ಒಳ್ಳೆಯದು. ಅದು ಕೇಂದ್ರ ಸರಕಾರದ ಪೋರ್ಟಲಿನಲ್ಲಿ ಆಧಾರ್ ಮತ್ತು ಪ್ಯಾನ್ ಕೊಟ್ಟರೆ ಪೂರ್ತಿ ಉಚಿತವಾಗಿ ಆಗ್ತದೆ. ಸರಕಾರದ್ದೇ ಅನಿಸುವ ಖಾಸಗಿ ವೆಬ್‌ಸೈಟುಗಳು ಇದೇ ಕೆಲಸಕ್ಕೆ ಸಾವಿರಾರು ರೂಪಾಯಿ ವಸೂಲು ಮಾಡುತ್ತವೆ, ಅಲ್ಲಿ ಸಿಕ್ಕಿಬೀಳಬೇಡಿ. ಸ್ಟುಡಿಯೋ ಹೆಸರಿನಲ್ಲಿ ಕರೆಂಟ್ ಅಕೌಂಟ್ ತೆರೆಯಲು ಬ್ಯಾಂಕಿನವರು ವ್ಯಾಪಾರದ ದಾಖಲೆ ಕೇಳುವಾಗ ಈ ಸರ್ಟಿಫಿಕೇಟ್ ಉಪಯೋಗಕ್ಕೆ ಬರ್ತದೆ. ಸ್ವ ಉದ್ಯೋಗದ ಸಾಲಕ್ಕೆ ಅರ್ಜಿ ಹಾಕುವಾಗಲೂ ಅಷ್ಟೆ.

ಅಂಗಡಿ ಕೋಣೆ ಹಿಡಿದರೆ ಕೆಲಸ ಸ್ವಲ್ಪ ಜಾಸ್ತಿ. ಪಾಲಿಕೆ, ಪುರಸಭೆ ಅಥವಾ ಪಂಚಾಯತ್‌ನಿಂದ ಉದ್ದಿಮೆ ಪರವಾನಿಗೆ ಬೇಕು. ಕಾರ್ಮಿಕ ಇಲಾಖೆಯಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಬೇಕು. ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು. ಹೊಸ ಬೋರ್ಡ್ ಬರೆಸುವಾಗಲೇ ಹೇಳಿಬಿಟ್ಟರೆ ಎರಡು ಸಲ ಖರ್ಚಿಲ್ಲ. ವೃತ್ತಿ ತೆರಿಗೆ ಅಂತ ಒಂದು ಉಂಟು, ಜಾಸ್ತಿ ಎಂದರೆ ವರ್ಷಕ್ಕೆ 2,500 ರೂಪಾಯಿ.

ಜಿಎಸ್‌ಟಿಗೆ ಹೆದರಬೇಕಾ?

ಫೋಟೋಗ್ರಫಿ ಸೇವೆಗೆ ಜಿಎಸ್‌ಟಿ ಶೇ. 18. ನೋಂದಣಿ ಕಡ್ಡಾಯವಾಗುವುದು ಒಂದು ಹಣಕಾಸು ವರ್ಷದಲ್ಲಿ, ಅಂದರೆ ಏಪ್ರಿಲ್‌ನಿಂದ ಮಾರ್ಚ್ ಒಳಗೆ, ವಹಿವಾಟು 20 ಲಕ್ಷ ದಾಟಿದಾಗ. ಅದಕ್ಕಿಂತ ಕೆಳಗಿದ್ದರೆ ನೋಂದಣಿ ಬೇಡ. ನಮ್ಮ ಗಿರಾಕಿಗಳು ಮದುವೆ ಮನೆಯವರು, ಅವರಿಗೆ ಕಟ್ಟಿದ ಜಿಎಸ್‌ಟಿ ವಾಪಸ್ ಸಿಗುವ ದಾರಿ ಇಲ್ಲ. ಸುಮ್ಮನೆ ನೋಂದಣಿ ಮಾಡಿಸಿ ರೇಟು ಏರಿಸಿಕೊಂಡರೆ ಪಕ್ಕದ ಸ್ಟುಡಿಯೋದವರಿಗೆ ಲಾಭ. ಕಂಪೆನಿಗಳ ಕೆಲಸವೇ ಹೆಚ್ಚು ಮಾಡುವವರ ಕಥೆ ಬೇರೆ.

ಆದರೆ 20 ಲಕ್ಷ ಲೆಕ್ಕ ಹಾಕುವಾಗ ತಪ್ಪುವುದು ಎಲ್ಲಿ ಗೊತ್ತುಂಟಾ? "ನನ್ನ ಕೈಯಲ್ಲಿ ಉಳಿದದ್ದು ಅಷ್ಟಿಲ್ಲ" ಅಂತ ಹೇಳುವುದರಲ್ಲಿ. 80,000ಕ್ಕೆ ಮದುವೆ ಒಪ್ಪಿಕೊಂಡಿರಿ. ಇನ್ನೊಬ್ಬ ಕ್ಯಾಮೆರಾದವನಿಗೆ 15,000, ವಿಡಿಯೋ ಎಡಿಟಿಂಗ್‌ಗೆ 10,000, ಆಲ್ಬಂ ಪ್ರಿಂಟಿಂಗ್‌ಗೆ 20,000 ಕೊಟ್ಟಿರಿ. ಉಳಿದದ್ದು 35,000. ವಹಿವಾಟು ಎಷ್ಟು? 80,000. ಖರ್ಚು ಕಳೆಯುವ ಮೊದಲು ಬಂದದ್ದೇ ವಹಿವಾಟು. ಇಂತಹ 26 ಮದುವೆ ಆದರೆ 20 ಲಕ್ಷ ದಾಟಿತು. ರಮಝಾನಿನಲ್ಲಿ ಮದುವೆ ಇಲ್ಲ, ಮಳೆಗಾಲದಲ್ಲಿ ಕಡಿಮೆ, ಹಾಗಾಗಿ ವರ್ಷದ ಅರ್ಧ ಖಾಲಿ ಕೂತ ಹಾಗೆ ಅನಿಸುತ್ತದೆ. ಈದ್ ಆದ ಮೇಲಿನ ಸೀಸನ್ನಿನಲ್ಲಿ ವಾರಕ್ಕೆ ಎರಡು ಮೂರು ಮದುವೆ ಬಂದಾಗ ಅಂಕಿ ಸರಕ್ಕನೆ ಏರಿಬಿಡುತ್ತದೆ. ಒಂದು ಪುಸ್ತಕದಲ್ಲಿ ಏಪ್ರಿಲ್ 1ರಿಂದ ಕೂಡಿಸುತ್ತಾ ಹೋಗಿ. 18 ಲಕ್ಷ ಆದಾಗಲೇ ಆಡಿಟರ್ ಹತ್ತಿರ ಹೋಗಿ ಕೂತು ಮಾತಾಡಿ. ಮಿತಿ ದಾಟಿದ ದಿನದಿಂದ 30 ದಿನದೊಳಗೆ ಅರ್ಜಿ ಹಾಕಬೇಕು. ಸಮಾಧಾನದ ವಿಷಯ ಎಂದರೆ ಆ ವರ್ಷದ ಮೊದಲ 20 ಲಕ್ಷಕ್ಕೆ ಜಿಎಸ್‌ಟಿ ಕಟ್ಟಬೇಕಾಗಿಲ್ಲ, ಹೊಣೆ ಶುರುವಾಗುವುದು ದಾಟಿದ ಮೇಲೆ. ಸುಮ್ಮನಿದ್ದರೆ ಮಾತ್ರ ತೆರಿಗೆ, ಬಡ್ಡಿ, ದಂಡ ಎಲ್ಲ ಒಟ್ಟಿಗೆ.

ನೋಂದಣಿ ಆದವರಿಗೆ ಎರಡು ದಾರಿ. ಒಂದು ಮಾಮೂಲಿ ಶೇ. 18, ಕ್ಯಾಮೆರಾ ಕೊಂಡಾಗ ಕಟ್ಟಿದ ಜಿಎಸ್‌ಟಿಯನ್ನು ಅದರಲ್ಲಿ ವಜಾ ಮಾಡಿಕೊಳ್ಳಬಹುದು. ಇನ್ನೊಂದು ಕಾಂಪೊಸಿಷನ್ ಯೋಜನೆ. ವಹಿವಾಟು 50 ಲಕ್ಷದೊಳಗಿನ ಸೇವೆಯವರು ಶೇ. 6 ಕಟ್ಟಿದರಾಯಿತು. ಆದರೆ ಅದನ್ನು ಗಿರಾಕಿಯಿಂದ ವಸೂಲು ಮಾಡುವ ಹಾಗಿಲ್ಲ, ವಜಾ ಸೌಲಭ್ಯವೂ ಇಲ್ಲ. ಹೊರ ರಾಜ್ಯಕ್ಕೆ ಸೇವೆ ಕೊಡುವ ಹಾಗೂ ಇಲ್ಲ. ಇದು ನಮ್ಮ ಕಡೆಯವರಿಗೆ ಮುಖ್ಯ, ಯಾಕೆಂದರೆ ಮಂಜೇಶ್ವರ, ಕಾಸರಗೋಡಿನ ಮದುವೆ ನಮಗೆ ಪಕ್ಕದ ಊರಿನ ಮದುವೆ, ಜಿಎಸ್‌ಟಿಗೆ ಅದು ಬೇರೆ ರಾಜ್ಯ. ತಲಪಾಡಿ ದಾಟಿ ಕೆಲಸ ಮಾಡುವವರು ಈ ಯೋಜನೆಗೆ ಸೇರುವ ಮೊದಲು ಕೇಳಿ ತಿಳಿದುಕೊಳ್ಳಿ. ನೋಂದಣಿಯೇ ಇಲ್ಲದ ಸಣ್ಣವರಿಗೆ ಗಡಿಯ ತೊಂದರೆ ಇಲ್ಲ. ಸೇವೆಯ ವಹಿವಾಟು 20 ಲಕ್ಷದೊಳಗಿದ್ದರೆ ಹೊರ ರಾಜ್ಯದ ಕೆಲಸಕ್ಕೂ ನೋಂದಣಿ ಬೇಡ.

ಮದುವೆ ಮನೆಯವರಿಗೂ ಒಂದು ಮಾತು. ಬಿಲ್ಲಿನಲ್ಲಿ ಶೇ. 18 ಜಿಎಸ್‌ಟಿ ಹಾಕಿದ್ದರೆ ಅದರಲ್ಲಿ ಜಿಎಸ್‌ಟಿ ನಂಬರ್ ಉಂಟಾ ಅಂತ ನೋಡಿ. ನೋಂದಣಿ ಇಲ್ಲದವರು ಜಿಎಸ್‌ಟಿ ಹೆಸರಿನಲ್ಲಿ ಒಂದು ರೂಪಾಯಿಯೂ ತೆಗೆದುಕೊಳ್ಳುವ ಹಾಗಿಲ್ಲ.

ಕಡಿಮೆ ತೋರಿಸುವ ಚಟ

ಆದಾಯ ತೆರಿಗೆಯಲ್ಲಿ ಸಣ್ಣ ವ್ಯಾಪಾರಿಗಳಿಗೆ 44ಎಡಿ ಎಂಬ ಸುಲಭದ ದಾರಿ ಉಂಟು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಕಲಂ ನಂಬರ್‌ಗಳು ಬದಲಾಗಿವೆ, ಆದರೂ ಆಡಿಟರ್‌ಗಳ ಬಾಯಲ್ಲಿ ಅದು ಹಳೇ ಹೆಸರಿನಲ್ಲೇ ಉಂಟು. ಇದರಲ್ಲಿ ಪ್ರತಿ ಖರ್ಚಿನ ಬಿಲ್ ಇಟ್ಟು ಲೆಕ್ಕ ಒಪ್ಪಿಸಬೇಕಾಗಿಲ್ಲ. ಬ್ಯಾಂಕ್, ಯುಪಿಐ ಮೂಲಕ ಬಂದ ಹಣದ ಶೇ. 6, ನಗದಾಗಿ ಬಂದದ್ದರ ಶೇ. 8 ಲಾಭ ಅಂತ ತೋರಿಸಿದರೆ ಒಪ್ಪುತ್ತಾರೆ. ವರ್ಷಕ್ಕೆ 14 ಲಕ್ಷ ಬಂತು, ಅದರಲ್ಲಿ 11 ಲಕ್ಷ ಯುಪಿಐ, 3 ಲಕ್ಷ ನಗದು ಎಂದಾದರೆ 66,000 ಮತ್ತು 24,000, ಒಟ್ಟು 90,000 ಲಾಭ.

ಇಷ್ಟು ಕೇಳಿದ ಕೂಡಲೇ ಎಲ್ಲರಿಗೂ ಖುಷಿ. ನಿಜವಾಗಿ ಕೈಗೆ ಉಳಿದದ್ದು 6 ಲಕ್ಷ ಇದ್ದರೂ 90,000 ಅಂತ ಬರೆದು ಎದ್ದು ಬರ್ತಾರೆ. ಇಲ್ಲಿ ಎರಡು ತಪ್ಪು. ಶೇ. 6 ಮತ್ತು 8 ಎನ್ನುವುದು ಕನಿಷ್ಠ. ಅದಕ್ಕಿಂತ ಹೆಚ್ಚು ಗಳಿಸಿದ್ದರೆ ಹೆಚ್ಚು ತೋರಿಸಬೇಕು ಅಂತಲೇ ಕಾನೂನು ಹೇಳುವುದು. ಎರಡನೆಯದು ಬುದ್ಧಿಯ ಲೆಕ್ಕ. 2025ರ ಏಪ್ರಿಲ್‌ನಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಇಂತಹ ಆದಾಯಕ್ಕೆ ತೆರಿಗೆಯೇ ಇಲ್ಲ. 90,000 ತೋರಿಸಿದರೂ ಸೊನ್ನೆ, 6 ಲಕ್ಷ ತೋರಿಸಿದರೂ ಸೊನ್ನೆ. ಮತ್ತೆ ಯಾಕೆ ಅಡಗಿಸುವುದು? ಮೂರು ವರ್ಷ ಕಳೆದು ಅವಳು ಒಂದು ಸ್ಟುಡಿಯೋ ಮಾಡಲು ಸಾಲ ಕೇಳಿದರೆ ಬ್ಯಾಂಕಿನವರು ನೋಡುವುದು ಆ ರಿಟರ್ನ್ಸನ್ನೇ. ವರ್ಷಕ್ಕೆ 90,000 ದುಡಿಯುವವರಿಗೆ 5 ಲಕ್ಷ ಸಾಲ ಯಾರು ಕೊಡ್ತಾರೆ? ಅಷ್ಟೂ ಹಣ ಕಾಕನ ಖಾತೆಯಲ್ಲೇ ಹೋಗಿದ್ದರೆ ಅವಳ ಹೆಸರಿನಲ್ಲಿ ಆ 90,000 ಕೂಡ ಇಲ್ಲ. ಐದಾರು ವರ್ಷ ರಾತ್ರಿ ಹಗಲು ದುಡಿದೂ ಕಾಗದದಲ್ಲಿ ಅವಳು 'ಮನೆಯಲ್ಲಿ ಇರುವವಳು'.

ಗಲ್ಫಿನ ಅಣ್ಣನ ಹೆಸರು ಬೇಡ ಅಂದದ್ದು ಇದಕ್ಕೇ. 44ಎಡಿ ದಾರಿಯೂ, 12 ಲಕ್ಷದವರೆಗಿನ ಆ ರಿಯಾಯಿತಿಯೂ ತೆರಿಗೆ ಕಾನೂನಿನ ಪ್ರಕಾರ ಇಲ್ಲಿನ ನಿವಾಸಿಗಳಾದವರಿಗೆ ಮಾತ್ರ. ಅನಿವಾಸಿಯ ಹೆಸರಿನಲ್ಲಿ ಸ್ಟುಡಿಯೋ ಇದ್ದರೆ ಎರಡೂ ಕೈತಪ್ಪಿತು. ಊರಿನಲ್ಲಿ ಬೆವರು ಸುರಿಸುವವನು ತಮ್ಮ, ತೆರಿಗೆ ಕಟ್ಟುವವನು ದಮ್ಮಾಮಿನ ಅಣ್ಣ.

ಕಂಪೆನಿ, ಆಸ್ಪತ್ರೆ, ಕಾಲೇಜಿನ ಕಾರ್ಯಕ್ರಮಗಳಿಗೆ ಹೋದರೆ ಅವರು ಬಿಲ್ಲಿನಲ್ಲಿ ಟಿಡಿಎಸ್ ಹಿಡಿಯಬಹುದು. ಅದು ಹೋದ ಹಣವಲ್ಲ. ನಿಮ್ಮ ಪ್ಯಾನ್‌ಗೆ ಜಮೆ ಆಗಿರುತ್ತದೆ, ರಿಟರ್ನ್ಸ್ ಹಾಕಿದರೆ ವಾಪಸ್ ಬರ್ತದೆ. ಪ್ಯಾನ್ ಕೊಡದಿದ್ದರೆ ಶೇ. 20 ಹಿಡಿಯುತ್ತಾರೆ.

ನಗದಿನ ವಿಷಯದಲ್ಲಿ ಒಂದು ನಿಯಮ ಮದುವೆ ಫೋಟೋದವರಿಗೇ ಮಾಡಿದ ಹಾಗೆ ಉಂಟು. ಒಬ್ಬ ವ್ಯಕ್ತಿಯಿಂದ ಒಂದು ಸಮಾರಂಭಕ್ಕೆ ಸಂಬಂಧಿಸಿ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳಬಾರದು. ದೊಡ್ಡ ಮದುವೆಗೆ 2,40,000 ಮಾತಾಯಿತು, ಪಾರ್ಟಿಯವರು ಮೂರು ಸಲ 80,000ದಂತೆ ನೋಟು ಕೊಟ್ಟರು ಎನ್ನಿ. ದಿನಕ್ಕೆ 2 ಲಕ್ಷದೊಳಗೇ ಇತ್ತಲ್ಲ ಎಂದರೆ ನಡೆಯುವುದಿಲ್ಲ, ಮದುವೆ ಒಂದೇ. ದಂಡ ಎಷ್ಟು ಎಂದರೆ ತೆಗೆದುಕೊಂಡಷ್ಟೇ, ಅದೂ ಕೊಟ್ಟವರಿಗಲ್ಲ, ತೆಗೆದುಕೊಂಡವರಿಗೆ.

ಬಜ್ಪೆಯಲ್ಲಿ ಇಳಿದ ಕ್ಯಾಮೆರಾ

ದುಬೈಯಿಂದ ಬರುವವರ ಕೈಯಲ್ಲಿ ಕ್ಯಾಮೆರಾ ತರಿಸುವುದು ನಮ್ಮಲ್ಲಿ ಮಾಮೂಲು. ಸುಂಕ ರಹಿತ ಮಿತಿಗಿಂತ ಬೆಲೆ ಹೆಚ್ಚಿದ್ದರೆ ಕಸ್ಟಮ್ಸ್‌ನಲ್ಲಿ ಹೇಳಿ ಸುಂಕ ಕಟ್ಟಿ ರಶೀದಿ ತಗೊಳ್ಳಬೇಕು. ರಶೀದಿ ಇಲ್ಲದ ಕ್ಯಾಮೆರಾ ಕಳವಾದರೆ ವಿಮೆಯವರು ಮೊದಲು ಕೇಳುವುದೇ ಬಿಲ್. ಡ್ರೋನ್ ಮಾತ್ರ ತರಿಸಲೇಬೇಡಿ. 2022ರ ಫೆಬ್ರವರಿಯಿಂದ ವಿದೇಶಿ ಡ್ರೋನ್ ಆಮದಿಗೆ ನಿಷೇಧ ಉಂಟು. ಇಲ್ಲಿಯೇ ಕೊಂಡದ್ದಾದರೂ 250 ಗ್ರಾಂಗಿಂತ ಹೆಚ್ಚು ತೂಕದ ಡ್ರೋನನ್ನು ಬಾಡಿಗೆ ಕೆಲಸಕ್ಕೆ ಹಾರಿಸಲು ನೋಂದಣಿಯ ಜತೆ ಪೈಲಟ್ ಸರ್ಟಿಫಿಕೇಟ್ ಬೇಕು. ವಿಮಾನ ನಿಲ್ದಾಣದ ಸುತ್ತಮುತ್ತ ಅನುಮತಿ ಇಲ್ಲದೆ ಹಾರಿಸುವ ಹಾಗಿಲ್ಲ.

ಕೊನೆಗೆ ಫೋಟೋದ್ದೇ ವಿಷಯ. ತೆಗೆದದ್ದು ನಾನು, ಹಾಗಾಗಿ ಫೋಟೋ ನನ್ನದು ಅಂತ ತುಂಬಾ ಫೋಟೋಗ್ರಾಫರ್‌ಗಳು ತಿಳಿದಿದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಹೇಳುವುದು ಬೇರೆ. ಹಣ ಕೊಟ್ಟು ತೆಗೆಸಿದ ಫೋಟೋ, ವಿಡಿಯೋಗಳ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದು. ಹೆಂಗಸರ ಕೋಣೆಯೊಳಗೆ ನಂಬಿ ಬಿಟ್ಟು ತೆಗೆಸಿದ ಮದುಮಗಳ ಫೋಟೋ ಮರುದಿನ ಸ್ಟುಡಿಯೋದ ಇನ್‌ಸ್ಟಾಗ್ರಾಂನಲ್ಲಿ ಬಂದರೆ ಆ ಮನೆಯಲ್ಲಿ ಎಂತಾಗ್ತದೆ ಅಂತ ನಾವು ವಿವರಿಸಬೇಕಾಗಿಲ್ಲ. ಬೇಸರ ಮಾತ್ರ ಅಲ್ಲ, ಕಾನೂನಿನ ಪ್ರಶ್ನೆಯೂ ಹೌದು. ಒಪ್ಪಿದ ಕೆಲಸ ಸರಿಯಾಗಿ ಮಾಡದಿದ್ದರೆ, ಆಲ್ಬಂ ಕೊಡದಿದ್ದರೆ ಗಿರಾಕಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು.

ಹಾಗಾಗಿ ಅಡ್ವಾನ್ಸ್ ತೆಗೆದುಕೊಳ್ಳುವ ದಿನವೇ ಒಂದು ಪುಟದ ಬುಕಿಂಗ್ ಫಾರ್ಮ್ ಮಾಡಿ, ಕನ್ನಡದಲ್ಲೇ ಇರಲಿ. ದಿನಾಂಕ, ಹಾಲ್, ಹೆಂಗಸರ ಕಡೆ ಯಾರು, ಗಂಡಸರ ಕಡೆ ಯಾರು, ಒಟ್ಟು ಹಣ, ಬಂದ ಅಡ್ವಾನ್ಸ್, ಮದುವೆ ಮುಂದೆ ಹೋದರೆ ಅಡ್ವಾನ್ಸ್ ಏನಾಗ್ತದೆ, ಆಲ್ಬಂ ಎಷ್ಟು ದಿನದಲ್ಲಿ, ಎಡಿಟಿಂಗ್ ಯಾರು ಮಾಡ್ತಾರೆ, ಫೋಟೋಗಳನ್ನು ಎಷ್ಟು ಸಮಯ ಇಟ್ಟು ಯಾವಾಗ ಅಳಿಸುತ್ತೀರಿ, ಇಷ್ಟು ಇದ್ದರೆ ಸಾಕು. ಕೆಳಗೆ ಒಂದು ಸಾಲು: 'ನಮ್ಮ ಫೋಟೋಗಳನ್ನು ಜಾಹೀರಾತಿಗೆ ಬಳಸಬಹುದು / ಬಳಸಬಾರದು.' ಟಿಕ್ ಹಾಕುವುದು ಮದುಮಗಳ ಮನೆಯವರು. ಅದರ ಪಕ್ಕದಲ್ಲಿ ಹಣ ಹಾಕಲು ಕ್ಯೂಆರ್ ಕೋಡ್, ಸ್ಕ್ಯಾನ್ ಮಾಡಿದರೆ ಬರಬೇಕಾದದ್ದು ಫೋಟೋ ತೆಗೆದವಳ ಹೆಸರು.